ಹಳೆಯ ಡೆಸ್ಕ್‌ಟಾಪ್‌ಗೆ ಎರಡನೇ ಹಾರ್ಡ್‌ಡಿಸ್ಕ್: ಮೊದಲು ಬಿಚ್ಚಿ ನೋಡಿ, ಆಮೇಲೆ ಕೊಳ್ಳಿ

ಹಳೆಯ ಡೆಸ್ಕ್‌ಟಾಪ್ ಇನ್ನೂ ಚೆನ್ನಾಗಿಯೇ ಓಡುತ್ತಿದೆ, ಜಾಗ ಮಾತ್ರ ಇಲ್ಲ. ಫೋಟೊ, ವಿಡಿಯೊ ಅಳಿಸಿ ಅಳಿಸಿ ಸಾಕಾಗಿದೆ. ಹೊರಗೆ ನೇತಾಡುವ ಯುಎಸ್‌ಬಿ ಡಿಸ್ಕ್ ಬೇಡ, ಒಳಗೇ ಇನ್ನೊಂದು ಹಾರ್ಡ್‌ಡಿಸ್ಕ್ ಕೂರಿಸೋಣ ಅನ್ನಿಸಿದೆ. ಒಳ್ಳೆಯ ಯೋಚನೆಯೇ. ನಾಲ್ಕು ಸ್ಕ್ರೂ, ಎರಡು ಕೇಬಲ್, ಅಷ್ಟೇ ಕೆಲಸ. ಸ್ಕ್ರೂಡ್ರೈವರ್ ಹಿಡಿಯಲು ಬರುವ ಯಾರು ಬೇಕಾದರೂ ಮಾಡಬಹುದು.

ಜನ ಎಡವುವುದು ಕೈಕೆಲಸದಲ್ಲಿ ಅಲ್ಲ. ಡಿಸ್ಕ್ ತಂದ ಮೇಲೆ ಕ್ಯಾಬಿನೆಟ್ ಬಿಚ್ಚುತ್ತಾರೆ. ಮದರ್‌ಬೋರ್ಡ್‌ನಲ್ಲಿ (ಒಳಗಿನ ಮುಖ್ಯ ಬೋರ್ಡ್) ಕೇಬಲ್ ಸಿಕ್ಕಿಸುವ ಪೋರ್ಟ್ ಖಾಲಿ ಇರುವುದಿಲ್ಲ. ಪೋರ್ಟ್ ಇದ್ದರೆ ಪವರ್ ಕನೆಕ್ಟರ್ ಇರುವುದಿಲ್ಲ. ಎರಡೂ ಇದ್ದರೆ ಕೂರಿಸಲು ಜಾಗ ಇರುವುದಿಲ್ಲ. ಎಲ್ಲವೂ ಇದ್ದು ಕೂರಿಸಿದರೆ, 3 ಟಿಬಿಯ ಡಿಸ್ಕ್ 746 ಜಿಬಿ ಅಂತ ತೋರಿಸುತ್ತದೆ! ಅದಕ್ಕೇ ಕ್ರಮ ತಿರುಗಿಸಿ ಅನ್ನುವುದು. ಈ ಬರಹದ ಅರ್ಧ ಭಾಗ ಡಿಸ್ಕ್ ಕೊಳ್ಳುವ ಮುಂಚಿನ ಕೆಲಸವೇ.

ಪ್ಲಗ್ ಕೀಳುವ ಮೊದಲು

ಮೊದಲ ಕೆಲಸ ಬ್ಯಾಕಪ್. ಈಗಿರುವ ಡಿಸ್ಕ್‌ನಲ್ಲಿ ಕಳೆದುಕೊಳ್ಳಲು ಇಷ್ಟವಿಲ್ಲದ್ದು ಏನಿದೆಯೋ ಅದನ್ನು ಪೆನ್‌ಡ್ರೈವ್‌ಗೋ ಬೇರೆ ಕಂಪ್ಯೂಟರ್‌ಗೋ ಹಾಕಿಕೊಳ್ಳಿ. ನೀವು ಹಳೆಯ ಡಿಸ್ಕ್ ಮುಟ್ಟುವುದಿಲ್ಲ, ನಿಜ. ಆದರೆ ಹತ್ತು ವರ್ಷ ಒಂದೇ ಕಡೆ ಕೂತಿದ್ದ ಡಿಸ್ಕ್‌ನ ಪಕ್ಕದಲ್ಲಿ ಕೈಯಾಡಿಸುತ್ತೀರಿ. ಕೊನೆಯಲ್ಲಿ ಫಾರ್ಮ್ಯಾಟ್ ಅನ್ನುವ ಬಟನ್ ಕೂಡ ಒತ್ತುತ್ತೀರಿ. ಯಾವ ಡಿಸ್ಕ್ ಮೇಲೆ ಒತ್ತುತ್ತೀರಿ ಅನ್ನುವುದು ಮುಖ್ಯ ಅಲ್ವಾ?

ಎರಡನೆಯದು, ಹಳೆಯ ಯಂತ್ರಕ್ಕೆ ಮಾತ್ರ ಬೇಕಾದ ಎಚ್ಚರ. ವಿಂಡೋಸ್ ಏಳುವ ಮೊದಲೇ ಓಡುವ, ಯಂತ್ರದ ಮೂಲ ಸೆಟ್ಟಿಂಗ್ ಇರುವ ಪ್ರೋಗ್ರಾಂ ಬಯೋಸ್. ಅದರೊಳಗೆ ಹೋಗಿ ಪ್ರತಿ ಪುಟದ ಫೋಟೊ ಮೊಬೈಲ್‌ನಲ್ಲಿ ತೆಗೆದಿಟ್ಟುಕೊಳ್ಳಿ. ಕಂಪ್ಯೂಟರ್ ಆನ್ ಆಗುವಾಗ ಡಿಲೀಟ್, ಎಫ್2 ಅಥವಾ ಎಫ್10 ಕೀ ಒತ್ತುತ್ತಾ ಇದ್ದರೆ ಬಯೋಸ್ ತೆರೆದುಕೊಳ್ಳುತ್ತದೆ. ಯಾವ ಕೀ ಅನ್ನುವುದನ್ನು ಸಾಮಾನ್ಯವಾಗಿ ಮೊದಲ ಪರದೆಯಲ್ಲೇ ಬರೆದಿರುತ್ತದೆ.

ಫೋಟೊ ಯಾಕೆ? ಮದರ್‌ಬೋರ್ಡ್ ಮೇಲೆ ನಾಣ್ಯದಂತಹ ಒಂದು ಬ್ಯಾಟರಿ ಇರುತ್ತದೆ. ಸಿಆರ್2032 ಅದರ ಹೆಸರು. ಬಯೋಸ್ ಸೆಟ್ಟಿಂಗ್, ಗಡಿಯಾರದ ಸಮಯ ಎಲ್ಲ ಉಳಿಯುವುದು ಅದರ ಬಲದಿಂದ. ಹಳೆಯ ಕಂಪ್ಯೂಟರ್‌ಗಳಲ್ಲಿ ಅದು ಸತ್ತಿದ್ದರೂ ಗೊತ್ತಾಗುವುದಿಲ್ಲ, ಯಾಕೆಂದರೆ ಪ್ಲಗ್‌ನಲ್ಲಿ ಕರೆಂಟ್ ಇರುವವರೆಗೆ ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆ ಕರೆಂಟ್ ಹಂಚುವ ಡಬ್ಬಿ) ಆ ಕೆಲಸ ನೋಡಿಕೊಳ್ಳುತ್ತದೆ. ನೀವು ಪ್ಲಗ್ ಕಿತ್ತ ತಕ್ಷಣ ಸೆಟ್ಟಿಂಗ್ ಎಲ್ಲ ಅಳಿಸಿಹೋಗುತ್ತದೆ. ಆಗ ಸಾಟಾ ಮೋಡ್, ಅಂದರೆ ಬೋರ್ಡ್ ಡಿಸ್ಕ್ ಜೊತೆ ಮಾತಾಡುವ ರೀತಿ ಯಾವುದು ಅನ್ನುವ ಸೆಟ್ಟಿಂಗ್, ಹಳೆಯ ರೀತಿಯಾದ ಐಡಿಇಯಿಂದ ಹೊಸದಾದ ಎಎಚ್‌ಸಿಐಗೋ, ಎಎಚ್‌ಸಿಐನಿಂದ ಐಡಿಇಗೋ ಬದಲಾಗಬಹುದು. ವಿಂಡೋಸ್ ಅರ್ಧಕ್ಕೆ ನೀಲಿ ಪರದೆ ತೋರಿಸಿ ನಿಲ್ಲುತ್ತದೆ. ಹೊಸ ಡಿಸ್ಕ್ ಹಾಕಿದ್ದಕ್ಕೇ ಹೀಗಾಯಿತು ಅಂದುಕೊಂಡು ಜನ ಅದನ್ನು ವಾಪಸ್ ಕೊಡಲು ಹೊರಡುತ್ತಾರೆ. ಪಾಪ, ಡಿಸ್ಕ್‌ನ ತಪ್ಪೇನೂ ಇರುವುದಿಲ್ಲ. ಕಂಪ್ಯೂಟರ್‌ನ ಸಮಯ ಆಗಾಗ ಹಿಂದಿನ ಯಾವುದೋ ವರ್ಷಕ್ಕೆ ಹೋಗುತ್ತಿದ್ದರೆ ಬ್ಯಾಟರಿ ಹೋಗಿದೆ ಅಂತಲೇ ತಿಳಿಯಿರಿ. ಹೇಗೂ ಬಿಚ್ಚುತ್ತೀರಿ, ಅದನ್ನೂ ಬದಲಾಯಿಸಿಬಿಡಿ.

ಮೂರನೆಯದು ಸಣ್ಣ ವಿಷಯ. ವಿಂಡೋಸ್ 8 ಮತ್ತು ಅದರ ನಂತರದವುಗಳಲ್ಲಿ ಶಟ್‌ಡೌನ್ ಅಂದರೆ ಪೂರ್ತಿ ಶಟ್‌ಡೌನ್ ಅಲ್ಲ. ಫಾಸ್ಟ್ ಸ್ಟಾರ್ಟಪ್‌ಗಾಗಿ ಸಿಸ್ಟಂನ ಸ್ಥಿತಿಯನ್ನು ಡಿಸ್ಕ್‌ಗೆ ಬರೆದಿಟ್ಟು ಮಲಗಿರುತ್ತದೆ. ಬಿಡಿಭಾಗ ಹಾಕುವ ಮೊದಲು ಶಿಫ್ಟ್ ಕೀ ಒತ್ತಿಹಿಡಿದು ಶಟ್‌ಡೌನ್ ಕ್ಲಿಕ್ ಮಾಡಿ. ಆಗ ನಿಜವಾಗಿ ಆಫ್ ಆಗುತ್ತದೆ.

ಬಿಚ್ಚಿ ನೋಡುವುದು

ಪ್ಲಗ್ ಕಿತ್ತು, ಪವರ್ ಬಟನ್ ಅನ್ನು ಐದಾರು ಸೆಕೆಂಡ್ ಒತ್ತಿಹಿಡಿಯಿರಿ. ಒಳಗೆ ಉಳಿದ ಚೂರು ಕರೆಂಟ್ ಖಾಲಿಯಾಗುತ್ತದೆ. ಹಿಂದಿನಿಂದ ನೋಡಿದಾಗ ಬಲಗಡೆ ಬರುವ ಪಕ್ಕದ ಹಾಳೆಯನ್ನು ತೆಗೆಯಿರಿ. ಹೆಚ್ಚಿನ ಟವರ್‌ಗಳಲ್ಲಿ ಹಿಂಭಾಗದಲ್ಲಿ ಎರಡು ಸ್ಕ್ರೂ, ಆಮೇಲೆ ಹಿಂದಕ್ಕೆ ಜಾರಿಸಿದರೆ ಆಯಿತು. ಕಂಪನಿ ಡೆಸ್ಕ್‌ಟಾಪ್‌ಗಳಲ್ಲಿ ಒಂದು ಲೀವರ್ ಎಳೆದರೆ ಸಾಕು. ಒಳಗೆ ಕೈ ಹಾಕುವ ಮೊದಲು ಕ್ಯಾಬಿನೆಟ್‌ನ ಬಣ್ಣವಿಲ್ಲದ ಲೋಹದ ಭಾಗ ಮುಟ್ಟಿ. ಮೈಯಲ್ಲಿರುವ ಸ್ಟ್ಯಾಟಿಕ್ ಅಲ್ಲಿಗೆ ಹೋಗುತ್ತದೆ. ನಡುನಡುವೆ ಎದ್ದು ಓಡಾಡಿ ಬಂದರೆ ಮತ್ತೆ ಮುಟ್ಟಿ. ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಯಾವ ಕಾರಣಕ್ಕೂ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರೊಳಗೆ ಅಪಾಯದ ಕರೆಂಟ್ ಉಳಿದಿರುತ್ತದೆ.

ಧೂಳು ಇದ್ದೇ ಇರುತ್ತದೆ. ಒರೆಸಲು ಹೋಗಬೇಡಿ, ಬ್ರಷ್‌ನಿಂದ ಮೆಲ್ಲಗೆ ತೆಗೆಯಿರಿ ಅಥವಾ ಗಾಳಿ ಊದಿ. ಈಗ ನೋಡಬೇಕಾದದ್ದು ಮೂರು.

ಒಂದು, ಪೋರ್ಟ್. ಈಗಿರುವ ಹಾರ್ಡ್‌ಡಿಸ್ಕ್‌ನಿಂದ ಹೊರಟ ತೆಳು ಕೇಬಲ್ ಮದರ್‌ಬೋರ್ಡ್‌ನಲ್ಲಿ ಎಲ್ಲಿಗೆ ಹೋಗುತ್ತದೆ ನೋಡಿ. ಬೆರಳಿನಷ್ಟು ಅಗಲದ, ಒಳಗೆ ಎಲ್ ಆಕಾರದ ಸಣ್ಣ ಕಿಂಡಿಯಾದರೆ ಅದು ಸಾಟಾ. ಅದರ ಪಕ್ಕದಲ್ಲೇ ಅಂತಹವು ಇನ್ನೂ ಇರುತ್ತವೆ. ಪಕ್ಕದಲ್ಲಿ ಸಾಟಾ0, ಸಾಟಾ1 ಅಂತ ಅಚ್ಚಾಗಿರುತ್ತದೆ. ಒಂದಾದರೂ ಖಾಲಿ ಇದೆಯಾ? ಇದ್ದರೆ ಅರ್ಧ ಗೆದ್ದಂತೆ. ಖಾಲಿ ಇಲ್ಲ, ಆದರೆ ಡಿವಿಡಿ ಡ್ರೈವ್ ಒಂದು ಪೋರ್ಟ್ ಹಿಡಿದು ಕೂತಿದೆ ಅಂದರೆ ಅದನ್ನು ಕಿತ್ತುಬಿಡಿ. ಈಗ ಯಾರು ಡಿವಿಡಿ ಹಾಕುತ್ತಾರೆ? ಅದೂ ಬೇಕು ಅನ್ನುವವರಿಗೆ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್‌ಗೆ ಹಾಕುವ ಎರಡು ಪೋರ್ಟಿನ ಸಾಟಾ ಕಾರ್ಡ್ ಸಿಗುತ್ತದೆ. ಫೈಲ್ ಇಡುವ ಡಿಸ್ಕ್‌ಗೆ ಅದು ಧಾರಾಳವಾಗಿ ಸಾಕು.

ಎರಡು, ಪವರ್. ಎಸ್‌ಎಂಪಿಎಸ್‌ನಿಂದ ಬರುವ ತಂತಿಗಳ ಗೊಂಚಲಿನಲ್ಲಿ ಉದ್ದನೆಯ, ಚಪ್ಪಟೆ, ಕಪ್ಪು ಕನೆಕ್ಟರ್ ಹುಡುಕಿ. 15 ಪಿನ್‌ನ ಸಾಟಾ ಪವರ್ ಅದು. ಅಂತಹದ್ದು ಸುಮ್ನೆ ನೇತಾಡುತ್ತಿದ್ದರೆ ಒಳ್ಳೆಯದಾಯಿತು. ಇಲ್ಲದಿದ್ದರೆ ನಾಲ್ಕು ದಪ್ಪ ಪಿನ್‌ನ ಬಿಳಿ ಮೊಲೆಕ್ಸ್ ಕನೆಕ್ಟರ್ ಇರುತ್ತದೆ. ಅದರಿಂದ ಸಾಟಾಗೆ ತಿರುಗಿಸುವ ಅಡಾಪ್ಟರ್ ಕೊಳ್ಳಬಹುದು. ಕೊಳ್ಳುವಾಗ ಕಣ್ಣಿಟ್ಟು ನೋಡಿ. ತಂತಿಗಳನ್ನು ಪ್ಲಾಸ್ಟಿಕ್‌ನಲ್ಲಿ ಒಟ್ಟಿಗೆ ಎರಕ ಹೊಯ್ದಂತೆ ಮುಚ್ಚಿರುವ ಅಡಾಪ್ಟರ್ ಬೇಡವೇ ಬೇಡ. ಅದರೊಳಗೆ ತಂತಿಗಳು ಒಂದಕ್ಕೊಂದು ತಾಗಿ, ಕನೆಕ್ಟರ್ ಕರಗಿ ಸುಟ್ಟ ಉದಾಹರಣೆಗಳಿವೆ. ಪ್ರತಿ ತಂತಿಯೂ ಬೇರೆ ಬೇರೆ ಲೋಹದ ಹಿಡಿಕೆಗೆ ಸಿಕ್ಕಿಸಿರುವುದು ಕಾಣುವಂತಹ, ಹಿಂದೆ ಮುಚ್ಚಳ ಬಿಚ್ಚಬಹುದಾದ ಬಗೆಯದ್ದೇ ತೆಗೆದುಕೊಳ್ಳಿ.

ಕೆಲವು ಡೆಲ್, ಎಚ್‌ಪಿ, ಲೆನೊವೊ ಡೆಸ್ಕ್‌ಟಾಪ್‌ಗಳಲ್ಲಿ ಎಸ್‌ಎಂಪಿಎಸ್‌ನಿಂದ ಡಿಸ್ಕ್‌ಗೆ ತಂತಿಯೇ ಬಂದಿರುವುದಿಲ್ಲ. ಮದರ್‌ಬೋರ್ಡ್ ಮೇಲಿನ ಒಂದು ಸಣ್ಣ ಕನೆಕ್ಟರ್‌ನಿಂದ ಹೊರಟಿರುತ್ತದೆ. ಅಂತಹ ಕಡೆ ಅದೇ ಮಾದರಿಗೆ ಅಂತ ಮಾಡಿದ ಕೇಬಲ್ ಬೇಕು. ಪಿನ್ ಹೊಂದುತ್ತದೆ ಅಂತ ಯಾವುದೋ ಕೇಬಲ್ ಸಿಕ್ಕಿಸಬೇಡಿ. ಪಿನ್ ಹೊಂದಿದರೂ 12 ವೋಲ್ಟ್, 5 ವೋಲ್ಟ್ ಜಾಗ ಅದಲುಬದಲಾಗಿದ್ದರೆ ಡಿಸ್ಕ್ ಅಲ್ಲೇ ಸಾಯುತ್ತದೆ.

ಎಸ್‌ಎಂಪಿಎಸ್‌ಗೆ ಶಕ್ತಿ ಸಾಲುತ್ತದಾ ಅಂತ ಕೇಳುವವರು ಬಹಳ. 3.5 ಇಂಚಿನ ಡಿಸ್ಕ್ ಓಡುವಾಗ ಬಳಸುವುದು 10 ವಾಟ್‌ಗಿಂತ ಕಡಿಮೆ. ಶುರುವಾಗುವಾಗ ಮಾತ್ರ, ಕೆಲವೇ ಸೆಕೆಂಡ್, 12 ವೋಲ್ಟ್ ತಂತಿಯಿಂದ ಸುಮಾರು 2 ಆಂಪಿಯರ್ ಎಳೆಯುತ್ತದೆ. ಕೆಟ್ಟುಹೋಗುವ ಹಂತದಲ್ಲಿ ಇಲ್ಲದ ಯಾವ ಎಸ್‌ಎಂಪಿಎಸ್ ಆದರೂ ತಡೆಯುತ್ತದೆ.

ಮೂರು, ಜಾಗ. ಟವರ್ ಆದರೆ ಸಾಮಾನ್ಯವಾಗಿ ಖಾಲಿ ಬೇ (ಡಿಸ್ಕ್ ಕೂರಿಸುವ ಗೂಡು) ಒಂದಾದರೂ ಇರುತ್ತದೆ. ಅಗಲ ಕಡಿಮೆಯ ಸ್ಲಿಮ್ ಡೆಸ್ಕ್‌ಟಾಪ್‌ಗಳಲ್ಲಿ ಇರುವುದು ಒಂದೇ. ಅಲ್ಲಿ ಡಿವಿಡಿ ಡ್ರೈವ್‌ನ ಜಾಗವೇ ಗತಿ. ದಪ್ಪ ಡಿವಿಡಿ ಡ್ರೈವ್ ಆದರೆ ಅಲ್ಲಿಗೆ 3.5 ಇಂಚಿನ ಡಿಸ್ಕ್ ಹಿಡಿಯುವ ಬ್ರಾಕೆಟ್ ಹಾಕಬಹುದು. ಲ್ಯಾಪ್‌ಟಾಪ್‌ನಲ್ಲಿರುವಂತಹ ತೆಳು ಡ್ರೈವ್ ಆದರೆ 2.5 ಇಂಚಿನ ಡಿಸ್ಕ್‌ಗೆ ಕ್ಯಾಡಿ ಸಿಗುತ್ತದೆ. ಡ್ರೈವ್‌ನ ದಪ್ಪ ಅಳೆದು ತನ್ನಿ, 9.5 ಮಿಲಿಮೀಟರ್ ಮತ್ತು 12.7 ಮಿಲಿಮೀಟರ್ ಎರಡು ಅಳತೆ ಇವೆ. ತೆಳು ಡ್ರೈವ್‌ನ ಪವರ್ ತಂತಿಯಲ್ಲಿ 5 ವೋಲ್ಟ್ ಮಾತ್ರ ಬರುತ್ತದೆ. 3.5 ಇಂಚಿನ ಡಿಸ್ಕ್‌ಗೆ 12 ವೋಲ್ಟ್ ಕೂಡ ಬೇಕು. ಹಾಗಾಗಿ ಅಲ್ಲಿಂದ ದೊಡ್ಡ ಡಿಸ್ಕ್ ಓಡಿಸುವ ಸಾಹಸ ಬೇಡ.

ಕ್ಯಾಬಿನೆಟ್ ಮುಚ್ಚುವ ಮೊದಲು ಒಳಗಿನ ಎರಡು ಮೂರು ಫೋಟೊ ತೆಗೆದುಕೊಳ್ಳಿ. ಅಂಗಡಿಯಲ್ಲಿ ವಿವರಿಸುವುದಕ್ಕಿಂತ ತೋರಿಸುವುದು ಸುಲಭ.

ಅಗಲ ಪಟ್ಟಿಯ ಕೇಬಲ್ ಕಂಡರೆ

ಸಾಟಾ ಬಂದದ್ದು 2003ರ ಸುಮಾರಿಗೆ. ಇಂಟೆಲ್ 2006ರ ಐಸಿಎಚ್8 ಚಿಪ್‌ನಿಂದ ಡೆಸ್ಕ್‌ಟಾಪ್‌ಗಳಲ್ಲಿ ಐಡಿಇಯನ್ನು ಕೈಬಿಟ್ಟಿತು. ಅದಕ್ಕಿಂತ ಹಳೆಯ ಬೋರ್ಡ್ ಆದರೆ ನಾಲ್ಕು ಬೆರಳಗಲದ ಬೂದು ಪಟ್ಟಿ ಕೇಬಲ್, 40 ಪಿನ್‌ನ ಉದ್ದ ಕನೆಕ್ಟರ್ ಕಾಣಬಹುದು. ಅದು ಐಡಿಇ. ಆ ಕಾಲದ ಎಷ್ಟೋ ಬೋರ್ಡ್‌ಗಳಲ್ಲಿ ಎರಡೂ ಇರುತ್ತವೆ, ಸರಿಯಾಗಿ ಹುಡುಕಿ. ಸಾಟಾ ಇದ್ದರೆ ಅದನ್ನೇ ಬಳಸಿ, ಐಡಿಇಯ ಗೊಡವೆ ಬೇಡ.

ಐಡಿಇ ಒಂದೇ ಇದ್ದರೆ ಒಂದು ಕೇಬಲ್‌ಗೆ ಎರಡು ಡಿಸ್ಕ್ ಹಾಕಬಹುದು. ಒಂದು ಮಾಸ್ಟರ್, ಇನ್ನೊಂದು ಸ್ಲೇವ್. ಡಿಸ್ಕ್‌ನ ಹಿಂದೆ ಪವರ್ ಮತ್ತು ಡೇಟಾ ಕನೆಕ್ಟರ್‌ಗಳ ನಡುವೆ ಚಿಕ್ಕ ಪಿನ್‌ಗಳಿರುತ್ತವೆ. ಅವುಗಳ ಮೇಲೆ ಕೂರುವ ಪ್ಲಾಸ್ಟಿಕ್ ತುಣುಕಿಗೆ ಜಂಪರ್ ಅನ್ನುತ್ತಾರೆ. ಯಾವ ಪಿನ್ ಮೇಲೆ ಕೂರಿಸಿದರೆ ಮಾಸ್ಟರ್, ಯಾವುದಕ್ಕೆ ಸ್ಲೇವ್ ಅಂತ ಡಿಸ್ಕ್‌ನ ಲೇಬಲ್ ಮೇಲೆಯೇ ಚಿತ್ರ ಇರುತ್ತದೆ. ವಿಂಡೋಸ್ ಇರುವ ಹಳೆಯದು ಮಾಸ್ಟರ್, ಹೊಸದು ಸ್ಲೇವ್. ವೆಸ್ಟರ್ನ್ ಡಿಜಿಟಲ್‌ನ ಹಳೆಯ ಡಿಸ್ಕ್‌ಗಳಲ್ಲಿ ಒಂಟಿಯಾಗಿರುವಾಗ ಒಂದು ಜಂಪರ್ ಸೆಟ್ಟಿಂಗ್, ಜೊತೆಗೆ ಸ್ಲೇವ್ ಇರುವಾಗ ಇನ್ನೊಂದು. ಹೊಸ ಡಿಸ್ಕ್ ಸರಿಯಾಗಿದ್ದೂ ಹಳೆಯದು ಮಾಯವಾದರೆ ಇದೇ ಕಾರಣ ಇರಬಹುದು. ಕೇಬಲ್‌ನ ನೀಲಿ ತುದಿ ಮದರ್‌ಬೋರ್ಡ್‌ಗೆ, ಕಪ್ಪು ತುದಿ ಮಾಸ್ಟರ್‌ಗೆ, ನಡುವಿನ ಬೂದು ಬಣ್ಣದ್ದು ಸ್ಲೇವ್‌ಗೆ. ಕೇಬಲ್‌ನ ಅಂಚಿನ ಕೆಂಪು ಗೆರೆ 1ನೇ ಪಿನ್‌ನ ಕಡೆ, ಅಂದರೆ ಸಾಮಾನ್ಯವಾಗಿ ಪವರ್ ಕನೆಕ್ಟರ್‌ನ ಕಡೆಗೆ ಬರಬೇಕು.

ಇಷ್ಟು ಹಳೆಯ ಯಂತ್ರಕ್ಕೆ ಇನ್ನೊಂದು ಗೋಡೆ 137 ಜಿಬಿಯದು. ಬಯೋಸ್‌ಗೆ 48 ಬಿಟ್ ವಿಳಾಸ ಗೊತ್ತಿಲ್ಲದಿದ್ದರೆ ಅದರಾಚೆಗೆ ಕಾಣುವುದಿಲ್ಲ. ಸರ್ವೀಸ್ ಪ್ಯಾಕ್ ಹಾಕದ ಮೊದಲ ವಿಂಡೋಸ್ ಎಕ್ಸ್‌ಪಿಗೂ ಇದೇ ಮಿತಿ. ನೇರವಾಗಿ ಹೇಳುವುದಾದರೆ, ಐಡಿಇ ಮಾತ್ರ ಇರುವ ಯಂತ್ರಕ್ಕೆ ಹೊಸ ಡಿಸ್ಕ್ ಹಾಕಲು ಹಣ ಸುರಿಯಬೇಡಿ. ಎಲ್ಲೋ ಬಿದ್ದಿರುವ ಹಳೆಯ ಡಿಸ್ಕ್ ಸಿಕ್ಕರೆ ಹಾಕಿ, ಅಷ್ಟಕ್ಕೇ ಬಿಡಿ.

ಯಾವ ಡಿಸ್ಕ್, ಎಷ್ಟು ದೊಡ್ಡದು

ಸಾಟಾದಲ್ಲಿ ಮೂರು ವೇಗದ ತಲೆಮಾರುಗಳಿವೆ. ಸೆಕೆಂಡಿಗೆ 1.5, 3 ಮತ್ತು 6 ಗಿಗಾಬಿಟ್. ಕೇಬಲ್, ಕನೆಕ್ಟರ್ ಎಲ್ಲಕ್ಕೂ ಒಂದೇ. ಹೊಸ ಡಿಸ್ಕ್ ಹಳೆಯ ಪೋರ್ಟ್‌ಗೆ ಹಾಕಿದರೆ ಕಡಿಮೆ ವೇಗಕ್ಕೆ ಇಳಿದು ಕೆಲಸ ಮಾಡುತ್ತದೆ. 3 ಗಿಗಾಬಿಟ್ ಅಂದರೆ ಲೆಕ್ಕಕ್ಕೆ ಸೆಕೆಂಡಿಗೆ 300 ಎಂಬಿ. ತಿರುಗುವ ಮಾಮೂಲಿ ಡಿಸ್ಕ್ ಕೊಡುವುದೇ 150, 200 ಎಂಬಿಯ ಸುಮಾರು. ಹಾಗಾಗಿ ಪೋರ್ಟ್ ಹಳೆಯದು ಅಂತ ಕೊರಗುವುದು ಬೇಡ. ಅಪವಾದ ಇಲ್ಲದಿಲ್ಲ: ವಿಯಾ ಕಂಪನಿಯ ವಿಟಿ8237ನಂತಹ ಚಿಪ್ ಇರುವ ಹಳೆಯ ಬೋರ್ಡ್‌ಗಳು. ಅವಕ್ಕೆ ಹೊಸ ಡಿಸ್ಕ್ ಜೊತೆ ವೇಗ ಹೊಂದಿಸಿಕೊಳ್ಳಲು ಬರುವುದಿಲ್ಲ, ಡಿಸ್ಕ್ ಕಾಣುವುದೇ ಇಲ್ಲ. ಡಿಸ್ಕ್ ಮೇಲೆ 1.5 ಗಿಗಾಬಿಟ್‌ಗೆ ಇಳಿಸುವ ಜಂಪರ್ ಇದ್ದರೆ ಮಾತ್ರ ದಾರಿ.

ಗಾತ್ರದ ವಿಷಯಕ್ಕೆ ಬರೋಣ. 2 ಟಿಬಿಯವರೆಗೆ ಯಾವ ತಕರಾರೂ ಇಲ್ಲ. ಅದರಾಚೆಗೆ ಮೂರು ಪ್ರಶ್ನೆ ಕೇಳಿಕೊಳ್ಳಬೇಕು. ಡಿಸ್ಕ್‌ನ ಭಾಗಗಳ ಲೆಕ್ಕ ಇಡುವ ಹಳೆಯ ಪದ್ಧತಿ ಎಂಬಿಆರ್. ಅದಕ್ಕೆ 2 ಟಿಬಿಗಿಂತ ಮುಂದಕ್ಕೆ ಎಣಿಸಲು ಬರುವುದಿಲ್ಲ. ದೊಡ್ಡ ಡಿಸ್ಕ್‌ಗೆ ಜಿಪಿಟಿ ಪದ್ಧತಿ ಬೇಕು. ವಿಂಡೋಸ್ ವಿಸ್ಟಾದಿಂದ ಈಚೆಗಿನವು, 32 ಬಿಟ್ ಆದರೂ ಸರಿ, ಫೈಲ್ ಇಡುವ ಡಿಸ್ಕ್ ಜಿಪಿಟಿಯಲ್ಲಿದ್ದರೆ ಓದುತ್ತವೆ. 32 ಬಿಟ್ ಎಕ್ಸ್‌ಪಿ ಓದುವುದಿಲ್ಲ. ನಿಮ್ಮ ಬಯೋಸ್ ಹಳೆಯದು, ಅದರ ಹೊಸ ರೂಪವಾದ ಯುಇಎಫ್‌ಐ ಅಲ್ಲ ಅನ್ನುವ ಚಿಂತೆ ಇಲ್ಲಿ ಬೇಡ. ಅದು ಅಡ್ಡಬರುವುದು ಆ ಡಿಸ್ಕ್‌ನಿಂದಲೇ ವಿಂಡೋಸ್ ಬೂಟ್ ಮಾಡಲು ಹೊರಟಾಗ. ಎರಡನೇ ಡಿಸ್ಕ್‌ಗೆ ಆ ಮಾತಿಲ್ಲ.

ಮೂರನೆಯ ಪ್ರಶ್ನೆ ಡ್ರೈವರ್‌ನದು, ಅಂದರೆ ವಿಂಡೋಸ್ ಮತ್ತು ಬಿಡಿಭಾಗದ ನಡುವೆ ಮಾತಾಡಿಸುವ ಪ್ರೋಗ್ರಾಂನದು. ಇಂಟೆಲ್‌ನ ರ್‍ಯಾಪಿಡ್ ಸ್ಟೋರೇಜ್ ಡ್ರೈವರ್ 10.1ಕ್ಕಿಂತ ಹಳೆಯದಾದರೆ ಮೇಲೆ ಹೇಳಿದ 746 ಜಿಬಿಯ ಚಮತ್ಕಾರ ನಡೆಯುತ್ತದೆ. 3 ಟಿಬಿಯನ್ನು ವಿಂಡೋಸ್ ಲೆಕ್ಕದಲ್ಲಿ ಹೇಳಿದರೆ 2794 ಜಿಬಿ. ಅದರಿಂದ 2048 ಕಳೆಯಿರಿ, ಉಳಿಯುವುದು ಅಷ್ಟೇ. ಡ್ರೈವರ್ ಹೊಸದು ಮಾಡಿದರೆ ಸರಿಹೋಗುತ್ತದೆ.

ವಿಂಡೋಸ್ ಎಕ್ಸ್‌ಪಿ ಇನ್ನೂ ಓಡಿಸುವವರಿಗೆ ಒಂದು ಮಾತು. ಈಗಿನ ಡಿಸ್ಕ್‌ಗಳು ಒಳಗೆ 4096 ಬೈಟ್‌ಗಳ ತುಂಡುಗಳಲ್ಲಿ ಬರೆಯುತ್ತವೆ. ಎಕ್ಸ್‌ಪಿ ಮಾಡುವ ಪಾರ್ಟಿಷನ್ (ಫೈಲ್ ಇಡಲು ಡಿಸ್ಕ್‌ನಲ್ಲಿ ಮಾಡುವ ಭಾಗ) ಆ ತುಂಡಿನ ಗಡಿಗೆ ಕೂರುವುದಿಲ್ಲ, ಬರೆಯುವಾಗ ನಿಧಾನ. ಪಾರ್ಟಿಷನ್ ಅನ್ನು ಬೇರೆ ಹೊಸ ಕಂಪ್ಯೂಟರ್‌ನಲ್ಲಿ ಮಾಡಿ ತನ್ನಿ.

ಕೊಳ್ಳುವಾಗ ಎಸ್‌ಎಂಆರ್, ಸಿಎಂಆರ್ ಅನ್ನುವ ಮಾತು ಕಿವಿಗೆ ಬೀಳಬಹುದು. ಎಸ್‌ಎಂಆರ್ ಡಿಸ್ಕ್‌ನಲ್ಲಿ ಬರೆದ ಸಾಲುಗಳು ಮನೆಯ ಹೆಂಚಿನ ಹಾಗೆ ಒಂದರ ಮೇಲೊಂದು ಸ್ವಲ್ಪ ಸ್ವಲ್ಪ ಹೊದ್ದಿರುತ್ತವೆ. ಮಧ್ಯದ ಒಂದನ್ನು ಬದಲಿಸಬೇಕಾದರೆ ಪಕ್ಕದವನ್ನೂ ಎತ್ತಿ ಮತ್ತೆ ಬರೆಯಬೇಕು. ಒಮ್ಮೆ ಹಾಕಿ ಆಗಾಗ ನೋಡುವ ಫೋಟೊ, ಸಿನಿಮಾಗೆ ಇದು ಸಾಕು. ದಿನವಿಡೀ ಬರೆದು ಅಳಿಸುವ ಕೆಲಸವಿದ್ದರೆ ಸಾಲುಗಳು ಹೀಗೆ ಹೊದ್ದಿರದ ಸಿಎಂಆರ್ ನೋಡಿ.

ಇನ್ನೊಂದು ಪ್ರಶ್ನೆ ನೀವೇ ಕೇಳಿಕೊಳ್ಳಿ: ನಿಮಗೆ ಬೇಕಾದದ್ದು ಜಾಗವೋ, ವೇಗವೋ? ಕಂಪ್ಯೂಟರ್ ನಿಧಾನ ಅನ್ನುವುದೇ ಮುಖ್ಯ ದೂರಾದರೆ ಎರಡನೇ ಹಾರ್ಡ್‌ಡಿಸ್ಕ್‌ನಿಂದ ಅದು ಹೋಗುವುದಿಲ್ಲ. ಆಗ ತಿರುಗುವ ಭಾಗವಿಲ್ಲದ, ವೇಗದ ಎಸ್‌ಎಸ್‌ಡಿ ತಂದು ವಿಂಡೋಸ್ ಅನ್ನು ಅದಕ್ಕೆ ಸಾಗಿಸಿ, ಈಗಿರುವ ಹಾರ್ಡ್‌ಡಿಸ್ಕ್ ಅನ್ನೇ ಎರಡನೆಯದಾಗಿ ಇಟ್ಟುಕೊಳ್ಳಿ. ಕೂರಿಸುವ ಕೆಲಸ ಎರಡಕ್ಕೂ ಒಂದೇ.

ಡಿಸ್ಕ್ ಜೊತೆ ಸಾಟಾ ಡೇಟಾ ಕೇಬಲ್ ಮತ್ತು ಸ್ಕ್ರೂಗಳನ್ನು ಕೇಳಿ ತನ್ನಿ. ಬಿಡಿಯಾಗಿ ಮಾರುವ ಡಿಸ್ಕ್ ಜೊತೆ ಎರಡೂ ಬರುವುದಿಲ್ಲ. 3.5 ಇಂಚಿನ ಡಿಸ್ಕ್‌ಗೆ ದಪ್ಪ ಎಳೆಯ ಸ್ಕ್ರೂ, 2.5 ಇಂಚಿನದ್ದಕ್ಕೆ ಸಣ್ಣ ಎಳೆಯ ಎಂ3 ಸ್ಕ್ರೂ. ಒಂದಕ್ಕೊಂದು ಹೊಂದುವುದಿಲ್ಲ. ಬಲವಂತವಾಗಿ ತಿರುಗಿಸಿದರೆ ಡಿಸ್ಕ್‌ನ ತೂತಿನ ಎಳೆ ಸವೆದು ಹೋಗುತ್ತದೆ.

ಕೂರಿಸುವುದು

ಪ್ಲಗ್ ಕಿತ್ತು, ಪವರ್ ಬಟನ್ ಒತ್ತಿ, ಲೋಹ ಮುಟ್ಟಿ. ಕ್ಯಾಬಿನೆಟ್ ಅನ್ನು ಬಲಮಗ್ಗುಲಿಗೆ ಮಲಗಿಸಿಕೊಂಡರೆ ಕೈಗೆ ಆರಾಮ. ಡಿಸ್ಕ್ ಅನ್ನು ಅಂಚಿನಲ್ಲಿ ಹಿಡಿಯಿರಿ. ಕೆಳಗಿನ ಹಸಿರು ಬೋರ್ಡ್ ಮುಟ್ಟಬೇಡಿ, ಮೇಜಿನ ಮೇಲೆ ಠಕ್ಕೆಂದು ಇಡಬೇಡಿ.

ಬೇ ಒಳಗೆ ಡಿಸ್ಕ್ ಜಾರಿಸುವಾಗ ಕನೆಕ್ಟರ್ ಇರುವ ಬದಿ ಮದರ್‌ಬೋರ್ಡ್ ಕಡೆಗಿರಲಿ. ಅಡ್ಡ, ಉದ್ದ ಹೇಗೆ ಬೇಕಾದರೂ ಕೂರಿಸಬಹುದು, ಓರೆಯಾಗಿ ಮಾತ್ರ ಬೇಡ. ಎರಡು ಬೇ ಖಾಲಿ ಇದ್ದರೆ ಹಳೆಯ ಡಿಸ್ಕ್‌ಗೆ ಅಂಟಿದ್ದನ್ನು ಬಿಟ್ಟು ಮುಂದಿನದರಲ್ಲಿ ಹಾಕಿ. ನಡುವೆ ಗಾಳಿ ಆಡಿದರೆ ಎರಡೂ ತಣ್ಣಗಿರುತ್ತವೆ. ಪ್ರತಿ ಬದಿಗೆ ಎರಡು ಸ್ಕ್ರೂ ಹಾಕಿ. ಒಂದೇ ಬದಿಗೆ ಹಾಕಿ ಬಿಟ್ಟರೆ ಡಿಸ್ಕ್ ತಿರುಗುವಾಗ ಕ್ಯಾಬಿನೆಟ್ ಗುಂಯ್‌ಗುಟ್ಟುತ್ತದೆ. ಕಂಪನಿ ಡೆಸ್ಕ್‌ಟಾಪ್‌ಗಳಲ್ಲಿ ಸ್ಕ್ರೂ ಬದಲು ಬಣ್ಣದ ಪ್ಲಾಸ್ಟಿಕ್ ಕ್ಯಾಡಿ ಇರುತ್ತದೆ. ಅದನ್ನು ಸ್ವಲ್ಪ ಅಗಲಿಸಿ ಡಿಸ್ಕ್ ಕೂರಿಸಿ, ಕ್ಲಿಕ್ ಅನ್ನುವವರೆಗೆ ಒಳಗೆ ತಳ್ಳಿ. ಖಾಲಿ ಬೇಯ ಕ್ಯಾಡಿ ಅಲ್ಲೇ ಇದೆಯಾ ನೋಡಿಕೊಳ್ಳಿ. ಎಚ್‌ಪಿಯ ಎಷ್ಟೋ ಮಾದರಿಗಳಲ್ಲಿ ನಕ್ಷತ್ರದ ತಲೆಯ ಟಿ15 ಸ್ಕ್ರೂಗಳಿರುತ್ತವೆ. ಬೇಯಲ್ಲಿ ಜಾರಲು ಬೇಕಾದ ಹೆಚ್ಚುವರಿ ಸ್ಕ್ರೂಗಳನ್ನು ಕ್ಯಾಬಿನೆಟ್ ಒಳಗೇ ಎಲ್ಲಾದರೂ ಸಿಕ್ಕಿಸಿಟ್ಟಿರುವುದೂ ಉಂಟು.

ಡೇಟಾ ಕೇಬಲ್‌ನ ಒಂದು ತುದಿ ಡಿಸ್ಕ್‌ಗೆ, ಇನ್ನೊಂದು ಮದರ್‌ಬೋರ್ಡ್‌ನ ಖಾಲಿ ಪೋರ್ಟ್‌ಗೆ. ಎಲ್ ಆಕಾರ ನೋಡಿ ಹೊಂದಿಸಿ, ನೇರವಾಗಿ ಒತ್ತಿ. ಹಳೆಯ ಡಿಸ್ಕ್ ಯಾವ ಪೋರ್ಟ್‌ನಲ್ಲಿದೆಯೋ ಅಲ್ಲೇ ಇರಲಿ. ಅದನ್ನು ಕಿತ್ತು ಬೇರೆಡೆ ಹಾಕಿದರೆ ಯಾವ ಡಿಸ್ಕ್‌ನಿಂದ ಮೊದಲು ಶುರುವಾಗಬೇಕು ಅನ್ನುವ ಬೂಟ್ ಕ್ರಮ ತಲೆಕೆಳಗಾಗಬಹುದು. ಪವರ್ ಕನೆಕ್ಟರ್ ಸಹ ಹಾಗೆಯೇ ಸಿಕ್ಕಿಸಿ. ಪಕ್ಕಕ್ಕೆ ಬಗ್ಗಿಸಿ ಒತ್ತಿದರೆ ಡಿಸ್ಕ್‌ನ ಪ್ಲಾಸ್ಟಿಕ್ ನಾಲಿಗೆ ಮುರಿಯುತ್ತದೆ, ಮುರಿದರೆ ರಿಪೇರಿ ಕಷ್ಟ. ಕೇಬಲ್ ಮಡಚಿ ಹಿಂಡಬೇಡಿ, ಸಿಪಿಯು ಫ್ಯಾನ್‌ಗೆ ತಾಗದಂತೆ ಬದಿಗೆ ಸರಿಸಿ.

ಹಳೆಯ ಕೇಬಲ್‌ಗಳನ್ನೂ ಒಂದು ಸಲ ಬೆರಳಿನಿಂದ ಒತ್ತಿ ನೋಡಿ. ಕೈಯಾಡಿಸುವಾಗ ಅವು ಸಡಿಲವಾಗಿರುವುದೇ ಜಾಸ್ತಿ.

ಮೊದಲ ಸಲ ಆನ್ ಮಾಡಿದಾಗ

ಹಾಳೆ ಈಗಲೇ ಮುಚ್ಚಬೇಡಿ. ಪ್ಲಗ್ ಹಾಕಿ, ಆನ್ ಮಾಡಿ, ನೇರವಾಗಿ ಬಯೋಸ್‌ಗೆ ಹೋಗಿ. ಎರಡೂ ಡಿಸ್ಕ್‌ಗಳ ಹೆಸರು ಕಾಣುತ್ತಿದೆಯಾ? ಹೊಸದರ ಹೆಸರು ಇಲ್ಲದಿದ್ದರೆ ಆ ಪೋರ್ಟ್ ಆಫ್ ಆಗಿದೆಯಾ ಅಂತ ಹುಡುಕಿ. ಡೆಲ್‌ನ ಹಳೆಯ ಆಪ್ಟಿಪ್ಲೆಕ್ಸ್‌ಗಳಲ್ಲಿ ಪ್ರತಿ ಸಾಟಾ ಪೋರ್ಟ್‌ಗೂ ಆನ್, ಆಫ್ ಸೆಟ್ಟಿಂಗ್ ಇದೆ. ಬಳಸದ ಪೋರ್ಟ್ ಆಫ್ ಆಗಿಯೇ ಇರುತ್ತದೆ. ಆನ್ ಮಾಡಿದರೆ ಮುಗಿಯಿತು.

ಆಮೇಲೆ ಬೂಟ್ ಕ್ರಮ. ವಿಂಡೋಸ್ ಇರುವ ಡಿಸ್ಕ್ ಮೊದಲಿರಬೇಕು. ಹಾರ್ಡ್‌ಡಿಸ್ಕ್‌ಗಳ ನಡುವಿನ ಕ್ರಮಕ್ಕೆ ಕೆಲವು ಬಯೋಸ್‌ಗಳಲ್ಲಿ ಬೇರೆಯೇ ಪುಟ ಇರುತ್ತದೆ, ಅಲ್ಲೂ ನೋಡಿ. ಸಾಟಾ ಮೋಡ್ ನೀವು ತೆಗೆದ ಫೋಟೊದಲ್ಲಿ ಇದ್ದಂತೆಯೇ ಇದೆಯಾ ಹೋಲಿಸಿ. ಎಎಚ್‌ಸಿಐ ಒಳ್ಳೆಯದು ಅಂತ ಎಲ್ಲೋ ಓದಿ ಈಗ ಬದಲಾಯಿಸಬೇಡಿ. ಒಳ್ಳೆಯದು ಹೌದು, ಆದರೆ ವಿಂಡೋಸ್‌ನಲ್ಲಿ ಮೊದಲೇ ಸಿದ್ಧತೆ ಮಾಡದೆ ಬದಲಿಸಿದರೆ ಅದು ಏಳುವುದಿಲ್ಲ. ಸೇವ್ ಮಾಡಿ ಹೊರಬನ್ನಿ.

ವಿಂಡೋಸ್ ಒಳಗೆ

ಹೊಸ ಡಿಸ್ಕ್ ಮೈ ಕಂಪ್ಯೂಟರ್‌ನಲ್ಲಿ ತಾನಾಗಿ ಕಾಣುವುದಿಲ್ಲ. ಎಷ್ಟೋ ಜನ ಇಲ್ಲಿಗೇ ಡಿಸ್ಕ್ ಕೆಟ್ಟಿದೆ ಅಂತ ತೀರ್ಮಾನಿಸುತ್ತಾರೆ. ಅದಕ್ಕೆ ಇನ್ನೂ ಪಾರ್ಟಿಷನ್ ಇಲ್ಲ, ಅಷ್ಟೇ.

ವಿಂಡೋಸ್ 10, 11ರಲ್ಲಿ ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ವಿಂಡೋಸ್ 7ರಲ್ಲಿ ಕಂಪ್ಯೂಟರ್ ಮೇಲೆ ರೈಟ್ ಕ್ಲಿಕ್, ಮ್ಯಾನೇಜ್, ಅದರೊಳಗೆ ಡಿಸ್ಕ್ ಮ್ಯಾನೇಜ್‌ಮೆಂಟ್. ತೆರೆದ ತಕ್ಷಣ ಇನಿಶಿಯಲೈಸ್ ಡಿಸ್ಕ್ ಅಂತ ಕೇಳುತ್ತದೆ. 2 ಟಿಬಿಗಿಂತ ದೊಡ್ಡದಾದರೆ ಜಿಪಿಟಿ ಆರಿಸಿ. ಚಿಕ್ಕದಾದರೂ ಜಿಪಿಟಿಯೇ ನನ್ನ ಆಯ್ಕೆ. ಆ ಡಿಸ್ಕ್ ಅನ್ನು ಎಕ್ಸ್‌ಪಿ ಯಂತ್ರಕ್ಕೆ ಹಾಕುವ ಯೋಚನೆ ಇದ್ದರೆ ಮಾತ್ರ ಎಂಬಿಆರ್.

ಇಲ್ಲೊಂದು ಎಚ್ಚರಿಕೆ. ನೀವು ಹಾಕಿದ್ದು ಹೊಸದಲ್ಲ, ಬೇರೆ ಕಂಪ್ಯೂಟರ್‌ನಿಂದ ತೆಗೆದ, ಒಳಗೆ ಫೈಲ್ ಇರುವ ಡಿಸ್ಕ್ ಅನ್ನಿ. ಆಗಲೂ ಇನಿಶಿಯಲೈಸ್ ಕೇಳಿದರೆ ಒಪ್ಪಬೇಡಿ, ಕ್ಯಾನ್ಸಲ್ ಮಾಡಿ. ಫೈಲ್ ಉಳಿಸಿಕೊಳ್ಳುವ ದಾರಿ ಬೇರೆ. ಫಾರಿನ್ ಅಂತ ತೋರಿಸಿದರೆ ಇಂಪೋರ್ಟ್ ಮಾಡಬೇಕು. ಒಂದರ ನಕಲು ಇನ್ನೊಂದಾಗಿದ್ದರೆ ಎರಡರ ಗುರುತೂ ಒಂದೇ ಆಗಿ ವಿಂಡೋಸ್ ಒಂದನ್ನು ಆಫ್‌ಲೈನ್ ಇಡುತ್ತದೆ. ರೈಟ್ ಕ್ಲಿಕ್ ಮಾಡಿ ಆನ್‌ಲೈನ್ ಮಾಡಬಹುದು.

ಇನಿಶಿಯಲೈಸ್ ಆದ ಮೇಲೆ ಕೆಳಗೆ ಕಪ್ಪು ಪಟ್ಟಿಯಲ್ಲಿ ಅನ್‌ಅಲೊಕೇಟೆಡ್ ಅಂತ ಕಾಣುತ್ತದೆ. ಅದರ ಮೇಲೆ ರೈಟ್ ಕ್ಲಿಕ್ ಮಾಡುವ ಮೊದಲು ಎಡಗಡೆಯ ಡಿಸ್ಕ್ ಸಂಖ್ಯೆ, ಗಾತ್ರ ಎರಡನ್ನೂ ಓದಿ. ಸಾಮಾನ್ಯವಾಗಿ ಹಳೆಯದು ಡಿಸ್ಕ್ 0, ಹೊಸದು ಡಿಸ್ಕ್ 1. ಆದರೆ ಸಂಖ್ಯೆಯನ್ನಷ್ಟೇ ನಂಬಬೇಡಿ, ಗಾತ್ರ ನೋಡಿ. ನ್ಯೂ ಸಿಂಪಲ್ ವಾಲ್ಯೂಮ್ ಆರಿಸಿ, ಗಾತ್ರ ಪೂರ್ತಿ ಬಿಡಿ, ಡ್ರೈವ್ ಅಕ್ಷರ ಆರಿಸಿ, ಫೈಲ್ ಸಿಸ್ಟಂ ಎನ್‌ಟಿಎಫ್‌ಎಸ್, ಅಲೊಕೇಷನ್ ಯೂನಿಟ್ ಡೀಫಾಲ್ಟ್. ಹೆಸರಿನ ಜಾಗದಲ್ಲಿ ಗುರುತು ಸಿಗುವಂತಹದ್ದೇನಾದರೂ ಬರೆಯಿರಿ. ನ್ಯೂ ವಾಲ್ಯೂಮ್ ಅಂತಲೇ ಬಿಟ್ಟರೆ ಮುಂದೊಂದು ದಿನ ಗೊಂದಲ.

ಕ್ವಿಕ್ ಫಾರ್ಮ್ಯಾಟ್ ಟಿಕ್ ತೆಗೆಯುವುದೋ ಬೇಡವೋ? ಕ್ವಿಕ್ ಅಂದರೆ ಕೆಲವೇ ಸೆಕೆಂಡ್. ಟಿಕ್ ತೆಗೆದರೆ ವಿಸ್ಟಾದಿಂದ ಈಚೆಗಿನ ವಿಂಡೋಸ್ ಇಡೀ ಡಿಸ್ಕ್‌ಗೆ ಸೊನ್ನೆ ಬರೆಯುತ್ತದೆ, ಕೆಟ್ಟ ಜಾಗ ಇದ್ದರೆ ಗುರುತಿಸುತ್ತದೆ. ಸೆಕೆಂಡಿಗೆ 150 ಎಂಬಿ ಲೆಕ್ಕದಲ್ಲಿ 1 ಟಿಬಿಗೆ ಹತ್ತಿರ ಎರಡು ಗಂಟೆ. ಹೊಸ ಡಿಸ್ಕ್‌ಗೂ ಒಂದು ಸಲ ಪೂರ್ತಿ ಫಾರ್ಮ್ಯಾಟ್ ಮಾಡುವುದೇ ಸರಿ. ಕೆಡುವಂತಿದ್ದರೆ ಖಾಲಿ ಇರುವಾಗಲೇ ಕೆಡಲಿ, ವಾರಂಟಿಯಲ್ಲಿ ಬದಲಿ ಸಿಗುತ್ತದೆ.

ಮುಗಿದಾಗ 1 ಟಿಬಿ ಡಿಸ್ಕ್ 931 ಜಿಬಿ ತೋರಿಸುತ್ತದೆ. ಯಾರೂ ಮೋಸ ಮಾಡಿಲ್ಲ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ.

ಲಿನಕ್ಸ್ ಬಳಸುವವರಿಗೆ ಇನ್ನೂ ಸುಲಭ. ಉಬುಂಟು ತರಹದ್ದರಲ್ಲಿ ಡಿಸ್ಕ್ಸ್ ಅನ್ನುವ ಪ್ರೋಗ್ರಾಂ ತೆರೆದು, ಹೊಸ ಡಿಸ್ಕ್ ಆರಿಸಿ, ಜಿಪಿಟಿ ಮಾಡಿ, ಎಕ್ಸ್‌ಟ್4 ಪಾರ್ಟಿಷನ್ ಮಾಡಿ. ಮೌಂಟ್ ಆಯ್ಕೆಗಳಲ್ಲಿ ಯುಯುಐಡಿ (ಬದಲಾಗದ ಗುರುತು ಸಂಖ್ಯೆ) ಮೂಲಕ ಗುರುತಿಸುವಂತೆ ಇಡಿ. ಜೊತೆಗೆ ನೋಫೇಲ್ ಆಯ್ಕೆ ಸೇರಿಸಿ. ಮುಂದೆ ಆ ಡಿಸ್ಕ್ ಕಿತ್ತರೂ ಸಿಸ್ಟಂ ಬೂಟ್ ಆಗುತ್ತದೆ.

ಇಷ್ಟಾದರೂ ಡಿಸ್ಕ್ ಸುಮ್ಮನಿದ್ದರೆ

ಡಿಸ್ಕ್ ಇದ್ದಲ್ಲೇ ಇರಲಿ, ಕಿವಿ ಅದರ ಹತ್ತಿರ ತಂದು ಕೇಳಿ. ಅಥವಾ ಬೆರಳು ಮುಟ್ಟಿಸಿ. ಡಿಸ್ಕ್ ತಿರುಗುತ್ತಲೇ ಇಲ್ಲವಾದರೆ ತೊಂದರೆ ಪವರ್‌ನದು. ಬೇರೆ ಪವರ್ ಕನೆಕ್ಟರ್‌ಗೆ ಹಾಕಿ ನೋಡಿ. ಯುಎಸ್‌ಬಿ ಡಬ್ಬಿಯಿಂದ ಬಿಚ್ಚಿದ ದೊಡ್ಡ ಡಿಸ್ಕ್ ಆದರೆ ಇನ್ನೊಂದು ಸಾಧ್ಯತೆ ಇದೆ. ಸಾಟಾ ಪವರ್‌ನ 3ನೇ ಪಿನ್‌ಗೆ 3.3 ವೋಲ್ಟ್ ಬಂದರೆ ನಿಂತುಬಿಡು ಅನ್ನುವ ಅರ್ಥ ಸಾಟಾ ನಿಯಮದ 3.3ನೇ ಆವೃತ್ತಿಯಲ್ಲಿ ಸೇರಿತು. ಹಳೆಯ ಎಸ್‌ಎಂಪಿಎಸ್ ಆ ಪಿನ್‌ಗೆ ಯಾವಾಗಲೂ 3.3 ವೋಲ್ಟ್ ಕೊಡುತ್ತಿರುತ್ತದೆ. ಡಿಸ್ಕ್ ಆಜ್ಞೆ ಪಾಲಿಸಿ ಮಲಗೇ ಇರುತ್ತದೆ. ಮೊಲೆಕ್ಸ್‌ನಲ್ಲಿ 3.3 ವೋಲ್ಟ್ ಇಲ್ಲ. ಮೊಲೆಕ್ಸ್‌ನಿಂದ ಒಳ್ಳೆಯ ಅಡಾಪ್ಟರ್ ಹಾಕಿದರೆ ಎದ್ದು ಓಡುತ್ತದೆ.

ತಿರುಗುತ್ತಿದೆ, ಆದರೆ ಬಯೋಸ್‌ನಲ್ಲಿ ಇಲ್ಲ ಅಂದರೆ ಡೇಟಾ ಕೇಬಲ್ ಬದಲಿಸಿ, ಆಮೇಲೆ ಪೋರ್ಟ್ ಬದಲಿಸಿ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದು ಕೆಟ್ಟಿತ್ತು ಅಂತ ತಿಳಿಯುವುದಿಲ್ಲ. ಬಯೋಸ್‌ನಲ್ಲಿದೆ, ವಿಂಡೋಸ್‌ನಲ್ಲಿಲ್ಲ ಅಂದರೆ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಆಫ್‌ಲೈನ್ ಇದೆಯಾ, ಡ್ರೈವ್ ಅಕ್ಷರ ಕೊಟ್ಟಿಲ್ಲವಾ ನೋಡಿ. ಟಕ್ ಟಕ್ ಅಂತ ಒಂದೇ ತಾಳದಲ್ಲಿ ಬಡಿಯುತ್ತಿದ್ದರೆ, ಬೇರೆ ಪವರ್ ಕನೆಕ್ಟರ್‌ಗೆ ಹಾಕಿದರೂ ಹಾಗೇ ಇದ್ದರೆ, ಡಿಸ್ಕ್ ಕೆಟ್ಟಿದೆ. ವಾಪಸ್ ಕೊಡಿ.

ಫೈಲ್ ಸಾಗಿಸುವುದು

ಪ್ರೋಗ್ರಾಂಗಳ ಫೋಲ್ಡರ್ ಅನ್ನು ಎಳೆದು ಹೊಸ ಡಿಸ್ಕ್‌ಗೆ ಹಾಕಬೇಡಿ, ಅವು ಆಮೇಲೆ ತೆರೆಯುವುದಿಲ್ಲ. ಫೋಟೊ, ವಿಡಿಯೊ, ಡೌನ್‌ಲೋಡ್‌ಗಳನ್ನು ಸಾಗಿಸಿ. ಪಿಕ್ಚರ್ಸ್, ಡಾಕ್ಯುಮೆಂಟ್ಸ್ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನಲ್ಲಿ ಲೊಕೇಷನ್ ಅನ್ನುವ ಟ್ಯಾಬ್ ನೋಡಿ. ಹೊಸ ಡಿಸ್ಕ್‌ನಲ್ಲಿ ಮೊದಲೇ ಒಂದು ಫೋಲ್ಡರ್ ಮಾಡಿಟ್ಟು ಅದನ್ನು ತೋರಿಸಿದರೆ ವಿಂಡೋಸ್ ತಾನೇ ಎಲ್ಲವನ್ನೂ ಸಾಗಿಸುತ್ತದೆ. ಮುಂದಿನ ಫೈಲ್‌ಗಳೂ ಅಲ್ಲಿಗೇ ಹೋಗುತ್ತವೆ. ಡ್ರೈವ್‌ನ ಮೂಲವನ್ನೇ ತೋರಿಸಬೇಡಿ, ಒಳಗೊಂದು ಫೋಲ್ಡರ್ ಇರಲೇಬೇಕು. ಇಲ್ಲದಿದ್ದರೆ ಮತ್ತೆ ಹಿಂದಕ್ಕೆ ತರುವುದು ತಲೆನೋವು.

ಜಾಗ ಬಂತು ಅಂತ ಹಳೆಯ ಡಿಸ್ಕ್‌ನ ಫೋಟೊಗಳನ್ನು ಹೊಸದಕ್ಕೆ ಕತ್ತರಿಸಿ ಹಾಕಿ, ಒಂದೇ ಪ್ರತಿ ಉಳಿಸಿಕೊಂಡರೆ ಅದು ಬ್ಯಾಕಪ್ ಅಲ್ಲ. ಎರಡೂ ಕಡೆ ಇಟ್ಟುಕೊಂಡರೆ ಒಂದು ಡಿಸ್ಕ್ ಸತ್ತಾಗ ಉಳಿಯುತ್ತದೆ. ಆದರೆ ಎಸ್‌ಎಂಪಿಎಸ್ ಕೆಟ್ಟು ಹೆಚ್ಚು ವೋಲ್ಟೇಜ್ ಹರಿದರೆ ಎರಡೂ ಒಟ್ಟಿಗೆ ಹೋಗಬಹುದು. ಮುಖ್ಯವಾದವುಗಳ ಇನ್ನೊಂದು ಪ್ರತಿ ಕ್ಯಾಬಿನೆಟ್‌ನ ಹೊರಗಿರಲಿ.

ಒಂದು ವಾರ ಬಳಸಿದ ಮೇಲೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನುವ ಉಚಿತ ಪ್ರೋಗ್ರಾಂ ಹಾಕಿ ಎರಡೂ ಡಿಸ್ಕ್‌ಗಳ ಸ್ಮಾರ್ಟ್ ಅಂಕಿಗಳನ್ನು, ಅಂದರೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಲೆಕ್ಕವನ್ನು ನೋಡಿ. ಹೆಕ್ಸಾ ಲೆಕ್ಕದಲ್ಲಿ ತೋರಿಸುತ್ತದೆ, ಸೆಟ್ಟಿಂಗ್‌ನಲ್ಲಿ ಮಾಮೂಲಿ ಸಂಖ್ಯೆಗೆ ಬದಲಾಯಿಸಿಕೊಳ್ಳಬಹುದು. ಕೆಟ್ಟ ಜಾಗಗಳ ಎಣಿಕೆಯಾದ ರೀಅಲೊಕೇಟೆಡ್ ಸೆಕ್ಟರ್ ಮತ್ತು ಕೆಟ್ಟಿರಬಹುದಾದ ಜಾಗಗಳ ಎಣಿಕೆಯಾದ ಪೆಂಡಿಂಗ್ ಸೆಕ್ಟರ್ ಎರಡೂ ಸೊನ್ನೆ ಇರಬೇಕು. ಹೊಸ ಡಿಸ್ಕ್‌ನಲ್ಲಿ ಇವು ಏರುತ್ತಿದ್ದರೆ ತಡಮಾಡದೆ ಬದಲಾಯಿಸಿಕೊಳ್ಳಿ. ಹಳೆಯದರಲ್ಲಿ ಏರುತ್ತಿದ್ದರೆ, ಎರಡನೇ ಡಿಸ್ಕ್ ಹಾಕಿದ್ದು ಸರಿಯಾದ ಸಮಯಕ್ಕೇ ಆಯಿತು ಅನ್ನಿ, ಅದರಲ್ಲಿದ್ದದ್ದನ್ನು ಇವತ್ತೇ ಇತ್ತ ಸಾಗಿಸಿ. ಸಿಆರ್‌ಸಿ ಎರರ್ ಅನ್ನುವ ಸಾಲಿನ ಸಂಖ್ಯೆ ಏರುತ್ತಿದ್ದರೆ ಹೆಚ್ಚಾಗಿ ಡಿಸ್ಕ್‌ನ ತಪ್ಪಲ್ಲ, ಡೇಟಾ ಕೇಬಲ್‌ನದ್ದು. ಬೇರೆ ಕೇಬಲ್ ಹಾಕಿ. ಆ ಸಂಖ್ಯೆ ಸೊನ್ನೆಗೆ ಇಳಿಯುವುದಿಲ್ಲ, ಏರುವುದು ನಿಂತರೆ ಸಾಕು. ಉಷ್ಣತೆ 35ರಿಂದ 45 ಡಿಗ್ರಿ ಒಳಗಿದ್ದರೆ ಚಿಂತೆಯಿಲ್ಲ. 50 ದಾಟುತ್ತಿದ್ದರೆ ಕ್ಯಾಬಿನೆಟ್‌ನ ಮುಂದಿನ ಫ್ಯಾನ್ ತಿರುಗುತ್ತಿದೆಯಾ, ಅದರ ಮುಂದೆ ಧೂಳು ಕಟ್ಟಿದೆಯಾ ನೋಡಿ.